ಇರುವೆಯ ಸೊಂಟ ನೋಡಲು ಹತ್ತು ಪಟ್ಟಿನ ಕೈಮಸೂರ: ಒಂದು ಮಳೆಗಾಲ ಬಳಸಿದ ಮೇಲೆ

ಕಳೆದ ವರ್ಷ ಮಡಿಕೇರಿಯ ಅಂಗಡಿಯೊಂದರಲ್ಲಿ ಕೊಂಡ, ಮೂರು ಗಾಜುಗಳನ್ನು ಕೂಡಿಸಿ ಮಾಡಿರುವ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಡಚುವ ಮಸೂರವನ್ನು ನಮ್ಮ ಕಾಫಿ ತೋಟದ ಇರುವೆಗಳನ್ನು ಗುರುತಿಸಲೆಂದೇ ಬಳಸುತ್ತ ಬಂದಿದ್ದೇನೆ. ಸೂಕ್ಷ್ಮದರ್ಶಕವಿಲ್ಲದೆ, ಗಿಡದ ಬುಡದಲ್ಲಿ ನಿಂತು, ಇರುವೆಯೊಂದರ ಕುಲವನ್ನು, ಅಂದರೆ ಅದು ಸೇರುವ ಹತ್ತಿರದ ಪ್ರಭೇದಗಳ ಗುಂಪನ್ನು, ಖಚಿತವಾಗಿ ಹೇಳಲು ಇದು ಸಾಕೇ ಎಂಬುದಷ್ಟೇ ನನಗೆ ತಿಳಿಯಬೇಕಿತ್ತು.

ಪರೀಕ್ಷೆಗೆ ಆರಿಸಿಕೊಂಡದ್ದು ನೆರಳು ಮರಗಳ ಕೊಂಬೆಗಳಲ್ಲಿ ಸಗಣಿ ಮೆತ್ತಿದಂತೆ ಕಂದು ಗೂಡು ಕಟ್ಟುವ ಕ್ರೆಮಾಟೊಗ್ಯಾಸ್ಟರ್ ಇರುವೆಯನ್ನು. ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್ 1831ರಲ್ಲಿ ಹೆಸರಿಸಿದ ಈ ಕುಲ ಮಿರ್ಮಿಸಿನೇ ಉಪಕುಟುಂಬಕ್ಕೆ ಸೇರಿದ್ದು, ಎದೆ ಮತ್ತು ಉದರದ ನಡುವಿನ ಸೊಂಟದಲ್ಲಿ ಎರಡು ಗೆಣ್ಣುಗಳಿವೆ. ಗೊದ್ದಕ್ಕೂ ಚಗಳಿಗೂ ಇರುವುದು ಒಂದೇ ಗೆಣ್ಣು. ಆದ್ದರಿಂದ ಅವೆರಡೂ ಮೊದಲ ನೋಟಕ್ಕೇ ಬೇರೆಯಾಗುತ್ತವೆ. ಆದರೆ ಎರಡು ಗೆಣ್ಣುಗಳು ಫೈಡೋಲೆ, ಮೊನೊಮೋರಿಯಂ ಕುಲಗಳಲ್ಲಿಯೂ ಇರುವುದರಿಂದ ಅಷ್ಟನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಅವುಗಳಲ್ಲಿ ಎರಡನೆಯ ಗೆಣ್ಣು ಉದರದ ಮುಂತುದಿಗೆ ಸೇರಿಕೊಂಡರೆ, ಕ್ರೆಮಾಟೊಗ್ಯಾಸ್ಟರ್‌ನಲ್ಲಿ ಅದು ಉದರದ ಮೇಲ್ಮೈಗೆ, ಅಂದರೆ ಬೆನ್ನ ಕಡೆಗೆ, ಅಂಟಿಕೊಂಡಿರುತ್ತದೆ. ಕೆಣಕಿದಾಗ ಉದರವನ್ನು ತಲೆಯ ಮೇಲಕ್ಕೆ ಬಾಗಿಸಿ ಎತ್ತಲು ಸಾಧ್ಯವಾಗುವುದು ಈ ಜೋಡಣೆಯಿಂದಲೇ.

ಮೂರ್ನಾಲ್ಕು ಮಿಲಿಮೀಟರ್ ಉದ್ದದ ಒಂದು ಕೆಲಸಗಾರ ಇರುವೆಯನ್ನು ಸಣ್ಣ ಗಾಜಿನ ಸೀಸೆಗೆ ಹಾಕಿ, ಫ್ರಿಜ್ಜಿನಲ್ಲಿ ಕೆಲವು ನಿಮಿಷ ಇಟ್ಟು, ಅದು ಮಂಕಾದ ಮೇಲೆ ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಾಗದವನ್ನು ಸುಮಾರು 25 ಮಿಲಿಮೀಟರ್ ದೂರಕ್ಕೆ ತಂದಾಗ ಚಿತ್ರ ಸ್ಪಷ್ಟವಾಯಿತು. ಉದರ ಮೇಲಿನಿಂದ ವೀಳ್ಯದೆಲೆಯ ಆಕಾರದಲ್ಲಿ, ಹಿಂದಕ್ಕೆ ಚೂಪಾಗಿ ಕಂಡಿತು. ಪಕ್ಕದಿಂದ ನೋಡಿದಾಗ ಮೊದಲ ಗೆಣ್ಣು ಉಬ್ಬಿಲ್ಲದೆ ಚಪ್ಪಟೆಯಾಗಿರುವುದೂ, ಎದೆಯ ಹಿಂಭಾಗದ ಎರಡು ಮುಳ್ಳುಗಳೂ ಕಂಡವು. ಚಳಿ ಬಿಟ್ಟು ಎಚ್ಚರವಾದ ಇರುವೆ ಉದರವೆತ್ತಿದಾಗ ತುದಿಯಲ್ಲಿ ಹನಿಯೊಂದು ಮೂಡಿದ್ದನ್ನೂ ನೋಡಿದೆ. ಇದಕ್ಕೂ ಮೊದಲು ಮೂವತ್ತು ಪಟ್ಟು ಎಂದು ಬರೆದಿದ್ದ ಅಗ್ಗದ ಮಸೂರವೊಂದರಲ್ಲಿ ಇದೇ ಜೋಡಣೆಯ ಸುತ್ತ ನೀಲಿ, ಹಳದಿ ಅಂಚುಗಳು ಕವಿದು ಏನೂ ತಿಳಿಯುತ್ತಿರಲಿಲ್ಲ. ಪಟ್ಟಿನ ಸಂಖ್ಯೆಗಿಂತ ಗಾಜಿನ ಗುಣ ಮುಖ್ಯ ಎಂದು ನಾನು ದೃಢವಾಗಿ ಹೇಳುತ್ತೇನೆ.

ಮಿತಿಯೂ ಇದೆ. ಕುಡಿಮೀಸೆಯ ಗೆಣ್ಣುಗಳು ಈ ಕುಲದಲ್ಲಿ ಸಾಮಾನ್ಯವಾಗಿ ಹನ್ನೊಂದು. ಅವನ್ನು ಎಣಿಸಲು ನನಗೆ ಒಮ್ಮೆಯೂ ಆಗಲಿಲ್ಲ. ಪ್ರಭೇದ ಗುರುತಿಸುವುದಂತೂ ಈ ಮಸೂರದ ಕೆಲಸವಲ್ಲ. ಹಿಂದೆ ಹತ್ತಾರು ಉಪಕುಲಗಳಾಗಿ ಹಂಚಿಹೋಗಿದ್ದ ಈ ಕುಲವನ್ನು ಇರುವೆ ತಜ್ಞೆ ಬಾನಿ ಬ್ಲೈಮರ್ 2012ರಲ್ಲಿ ಎರಡೇ ಉಪಕುಲಗಳಿಗೆ ಇಳಿಸಿದ್ದಾರೆ. ಅಷ್ಟು ಗೋಜಲಾದ ಗುಂಪಿಗೆ ಸೂಕ್ಷ್ಮದರ್ಶಕವೇ ಬೇಕು.

ನನ್ನ ದೊಡ್ಡ ಆಕ್ಷೇಪ ಕೊಡಗಿನ ಮಳೆಗೆ ಸಂಬಂಧಿಸಿದ್ದು. ಜುಲೈ ತಿಂಗಳ ಮಂಜಿನಲ್ಲಿ ಗಾಜು ಪದೇಪದೇ ಮಬ್ಬಾಯಿತು, ಮಡಚುವ ಕಡೆಯ ಸ್ಕ್ರೂ ತುಕ್ಕು ಹಿಡಿಯಿತು. ಅಂದಿನಿಂದ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಡುತ್ತಿದ್ದೇನೆ. ಮಬ್ಬಿನ ತೊಂದರೆ ಮರುಕಳಿಸಿಲ್ಲ.

ಇರುವೆ ಹಿಡಿಯಲು ಯಾರೂ ಗೂಡು ಒಡೆಯಬೇಡಿ. ಕಂದು ಬಣ್ಣದ ಮರಕುಟಿಗವೊಂದು ಇದೇ ಇರುವೆಗಳ ಜೀವಂತ ಗೂಡನ್ನು ಕೊರೆದು ಮೊಟ್ಟೆಯಿಡುತ್ತದೆ. ಕಾಫಿ ಗಿಡದಲ್ಲಿ ಹಸಿರು ಶಲ್ಕ ಕೀಟಗಳ ಸಿಹಿರಸಕ್ಕೆ ಬರುವ ಸಾಲಿನಿಂದ ಒಂದೆರಡು ಇರುವೆಗಳನ್ನು ತೆಗೆದುಕೊಂಡರೆ ಸಾಕು.

ಇರುವೆಯ ಕುಲದವರೆಗೆ ತಿಳಿಯಬಯಸುವ ತೋಟದವರಿಗೂ ವಿದ್ಯಾರ್ಥಿಗಳಿಗೂ ಇದನ್ನು ಕೊಳ್ಳಿರೆಂದು ಹೇಳಬಲ್ಲೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ದಿನಪತ್ರಿಕೆಯ ಸಣ್ಣ ಅಕ್ಷರಗಳ ಮೇಲೆ ಹಿಡಿದು ನೋಡಿ. ಅಂಚಿನ ಅಕ್ಷರ ಬಾಗಿದರೆ ಅಥವಾ ಬಣ್ಣ ಒಡೆದರೆ ಬೇರೊಂದನ್ನು ಕೇಳಿ.