ಹೋಂಸ್ಟೇ ಬ್ಯಾಣದ ನಡಿಗೆ: ಖಂಡಿತ ಹೋಗಿ
ಮಳೆ ಕಡಿಮೆಯಾದ ಮೇಲೆ ಹೊಸನಗರ ಕಡೆಯ ಹೋಂಸ್ಟೇ ಒಂದಕ್ಕೆ ಹೋಗಿದ್ದೆವು. ಊಟ ಚೆನ್ನಾಗಿತ್ತು, ಆದರೆ ನೆನಪಲ್ಲಿ ಉಳಿದಿದ್ದು ಬೆಳಗಿನ ಬ್ಯಾಣದ (ದನದ ಮೇವಿಗೆಂದು ಬಿಟ್ಟ ಹುಲ್ಲುಗಾವಲಿನ) ನಡಿಗೆ. ಮನೆಯ ಅಜ್ಜ ಎರಡು ಬ್ಯಾಣ ತೋರಿಸಿದರು. ಒಂದರಲ್ಲಿ ಈಗಲೂ ದನಕ್ಕೆ ಕರಡ ಹುಲ್ಲು ಕೊಯ್ಯುತ್ತಾರೆ; ಅಲ್ಲಿ ತೆಳು ಹುಲ್ಲಿನ ನಡುವೆ ಕಾಸಗಲದ ಕೆಂಪು ಡ್ರೊಸೆರಾ ಅನ್ನೋ ಹುಳ ಹಿಡಿಯುವ ಗಿಡ, ಎಲೆ ತುಂಬಾ ಅಂಟು ಹನಿ, ಅದಕ್ಕೆ ಸಿಕ್ಕಿದ ಸಣ್ಣ ಹುಳ ಇನ್ನೂ ಕಾಲಾಡಿಸುತ್ತಿತ್ತು. ಬೇಲಿಯಾಚೆಯದು ದನ ಮಾರಿದ ಮೇಲೆ ಕೊಯ್ಲು ನಿಂತ ಬ್ಯಾಣ. ಎದೆಮಟ್ಟ ಹುಲ್ಲು, ಬುಡದಲ್ಲಿ ಹಳೇ ಹುಲ್ಲಿನ ದಪ್ಪ ಪದರ, ಅಂಚಿನಿಂದ ನುಗ್ಗುತ್ತಿರುವ ಯುಪಟೋರಿಯಂ ಕಳೆ. ಬೆಳಕು ಸಿಗದೆ ಸಣ್ಣ ಗಿಡಗಳೇ ಮೊದಲು ಹೋಗೋದು ಅಲ್ವಾ. ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಲ್ಲೂ ಕೊಯ್ಲು ನಿಂತರೆ ಹೀಗೇ ಆಗುತ್ತದೆ. ನೋಡಿ ನಿಜಕ್ಕೂ ಸಂಕಟವಾಯಿತು. ಉಂಬಳದ (ಜಿಗಣೆ) ಬಗ್ಗೆ ಹೋಂಸ್ಟೇಯವರು ಮೊದಲೇ ಹೇಳಬೇಕಿತ್ತು, ಮಕ್ಕಳು ಹೆದರಿದರು. ಉದ್ದ ಸಾಕ್ಸ್ ಹಾಕಿಕೊಂಡು ಹೋಗಿ.