ಕುಶಾಲನಗರದ ಕಂಪ್ಯೂಟರ್ ರಿಪೇರಿ ಅಂಗಡಿ: ಆರು ತಿಂಗಳು ಬಳಸಿ ನೋಡಿದ ಮೇಲೆ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು 2025ರ ಜುಲೈನಲ್ಲಿ, ಮಳೆ ಹಿಡಿದು ಕುಳಿತಿದ್ದ ದಿನಗಳಲ್ಲಿ, ಕುಶಾಲನಗರದ ಈ ಅಂಗಡಿಗೆ ಕೊಟ್ಟು ಸರಿಪಡಿಸಿಕೊಂಡೆ. ರಿಪೇರಿಯಾದ ಮರುದಿನ ಯಾವ ಯಂತ್ರವಾದರೂ ಚೆನ್ನಾಗಿಯೇ ಓಡುತ್ತದೆ ಎಂಬುದು ಹಿಂದೆ ಎರಡು ಸಲ ಪೆಟ್ಟು ತಿಂದು ಕಲಿತ ಪಾಠವಾದ್ದರಿಂದ, ಆಗಲೇ ಏನನ್ನೂ ಬರೆಯದೆ, ಕಾಫಿ ಕೊಯ್ಲಿನ ಲೆಕ್ಕಪತ್ರದ ಹೊರೆಯನ್ನೂ ಅದು ಹೊತ್ತ ಮೇಲೆ ಈಗ ಬರೆಯುತ್ತಿದ್ದೇನೆ.

2015ರಲ್ಲಿ ಕೊಂಡ ಯಂತ್ರವದು. ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸ್ವಿಚ್ ಒತ್ತಿದಲ್ಲಿಂದ ಎಕ್ಸೆಲ್‌ನಲ್ಲಿರುವ ಚೆಕ್‌ರೋಲ್ (ತೋಟದ ಆಳುಗಳ ಹಾಜರಿ-ಕೂಲಿಯ ಪಟ್ಟಿ) ತೆರೆದುಕೊಳ್ಳುವವರೆಗೆ ಮೊಬೈಲ್ ಗಡಿಯಾರದಲ್ಲಿ ಅಳೆದಾಗ 4 ನಿಮಿಷ 20 ಸೆಕೆಂಡು ಬಂದಿತ್ತು. ಒಂದು ಲೋಟ ಬೆಲ್ಲದ ಕಾಫಿ ಕಾಯಿಸಿ ಕುಡಿಯಲು ಸಾಕಾಗುವ ಸಮಯ. ಇದಕ್ಕೆ ಮೊದಲು ಬೇರೊಂದು ಅಂಗಡಿಯವರು ಎರಡು ಬಾರಿ ಫಾರ್ಮ್ಯಾಟ್ ಮಾಡಿ, ಪ್ರತಿ ಸಲವೂ 600 ರೂಪಾಯಿ ತೆಗೆದುಕೊಂಡು, ವೇಗ ಹೆಚ್ಚಿಸುವುದೆಂದು ಹೇಳಿ ಒಂದು ತಂತ್ರಾಂಶವನ್ನೂ ಒಂದು ಆಂಟಿವೈರಸ್ಸನ್ನೂ ತುಂಬಿ ಕಳಿಸಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಥೆ ಮತ್ತೆ ಮೊದಲಿನದೇ ಆಗಿತ್ತು.

ಈ ಅಂಗಡಿಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಅವರು ಬೆಲೆಯ ಮಾತೆತ್ತುವ ಮೊದಲು ರೋಗ ಯಾವುದೆಂದು ನೋಡಿದ್ದು, ಅದನ್ನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿದ್ದು. ಯಂತ್ರವನ್ನು ಚಾಲೂ ಮಾಡಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರು. ಪ್ರೊಸೆಸರ್ ಶೇಕಡಾ 12ರಲ್ಲಿ ನಿರಾಳವಾಗಿ ಕುಳಿತಿತ್ತು. ಅದರ ಪಕ್ಕದಲ್ಲಿ ಡಿಸ್ಕ್ ಮಾತ್ರ ಶೇಕಡಾ 100 ಎಂದು ಕೆಂಪಾಗಿತ್ತು. ಅಷ್ಟೆಲ್ಲ ಒದ್ದಾಡಿಯೂ ಅದು ಸಾಗಿಸುತ್ತಿದ್ದ ಮಾಹಿತಿ ಸೆಕೆಂಡಿಗೆ 1 ಎಂಬಿಯನ್ನೂ ಮುಟ್ಟುತ್ತಿರಲಿಲ್ಲ.

ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ ಅಲ್ಲಿನ ಹುಡುಗ ಕೊಟ್ಟ ವಿವರಣೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಮುಳ್ಳು ತಾನಿದ್ದ ಜಾಗದಿಂದ ಸರಿದು ಬರಬೇಕು. ಹೀಗಾಗಿ ಚದುರಿ ಬಿದ್ದ ಸಣ್ಣ ಸಣ್ಣ ಕಡತಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಓದುಗಳಿಗೆ ಅದರ ಕೈ ಸೋಲುತ್ತದೆ. ವಿಂಡೋಸ್ ಏಳುವಾಗ ಕೇಳುವುದು ಸಾವಿರಾರು ಇಂಥ ಓದುಗಳನ್ನೇ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆಯಿಲ್ಲ. ಅದರ ಲಾಭ ಕಾಣುವುದು ದೊಡ್ಡ ಕಡತವನ್ನು ನಕಲು ಮಾಡುವಾಗಲಿನ ವೇಗಕ್ಕಿಂತ ಹೆಚ್ಚಾಗಿ ಇಲ್ಲಿಯೇ.

ನಂತರ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ತೋರಿಸಿದರು. ಹಳದಿ ಎಚ್ಚರಿಕೆ ಬಂದಿತ್ತು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳ) ಸಾಲಿನಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆಯಿತ್ತು. ಹಿಂದಿನ ಎರಡು ಫಾರ್ಮ್ಯಾಟುಗಳೂ ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದಂತೆ ಆಗಿದ್ದವೆಂದು ಆಗ ಅರ್ಥವಾಯಿತು. ಅದೇ ಡಿಸ್ಕಿನಲ್ಲಿ 2018ರ ಆಗಸ್ಟಿನಲ್ಲಿ ಮಾದಾಪುರದ ಕಡೆಯ ನಮ್ಮ ತೋಟದ ಬರೆ ಕುಸಿದಾಗ ಪರಿಹಾರದ ಅರ್ಜಿಗೆಂದು ತೆಗೆದ ಚಿತ್ರಗಳಿದ್ದವು. ಬೇರೆಲ್ಲೂ ಅವುಗಳ ಪ್ರತಿಯಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಮಿಕ್ಕ ಕೆಲಸಕ್ಕೆ ಕೈಹಾಕುವ ಮೊದಲು ಅವರು ಆ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಂಡರು.

ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದು ನಮ್ಮ ಕೊಡಗಿನ ಮನೆಗಳಿಗೇ ಒಪ್ಪುವಂಥ ದೃಶ್ಯ. ಧೂಳು ಮಳೆಗಾಲದ ತೇವ ಕುಡಿದು ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಬೂದು ಕಂಬಳಿಯಂತೆ ಮೆತ್ತಿಕೊಂಡಿತ್ತು. ಪವರ್ ಸಪ್ಲೈಯ ಹಿಂಬದಿಯ ಜಾಲರಿಯ ಮೂಲೆಯಲ್ಲಿ ಕುಂಬಾರ ಹುಳ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡನ್ನು ಕಟ್ಟಿತ್ತು. ಉಷ್ಣ ಸಾಗಿಸಬೇಕಾದ ಪೇಸ್ಟ್ ಒಣಗಿ ಸುಣ್ಣದಂತೆ ಉದುರಿತು. ಎಲ್ಲವನ್ನೂ ತೆಗೆದು, ಹೊಸ ಪೇಸ್ಟ್ ಹಚ್ಚಿ, ರ್‍ಯಾಮ್‌ನ ಕಪ್ಪಾಗಿದ್ದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಕೂರಿಸಿದರು. ಕೆಲಸದ ಹೊರೆಯಲ್ಲಿ 92 ಡಿಗ್ರಿ ತೋರಿಸುತ್ತಿದ್ದ ಪ್ರೊಸೆಸರ್ ಈಗ 60 ದಾಟುವುದಿಲ್ಲ.

ಹಾಕಿದ್ದು ಎರಡೇ ವಸ್ತು: ಕ್ರೂಷಿಯಲ್ ಬಿಎಕ್ಸ್500 ಮಾದರಿಯ 480 ಜಿಬಿ ಎಸ್‌ಎಸ್‌ಡಿ, ಮತ್ತು ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್. ನನ್ನ ಮದರ್‌ಬೋರ್ಡಿನಲ್ಲಿ ತೆಳುವಾದ ಎಂ.2 ಮಾದರಿಯ ಎಸ್‌ಎಸ್‌ಡಿಗೆ ಜಾಗವೇ ಇಲ್ಲವೆಂದು ಅವರೇ ಹೇಳಿದ್ದರಿಂದ, ಆನ್‌ಲೈನಿನಲ್ಲಿ ನೋಡಿಟ್ಟಿದ್ದ ಅಂಥದೊಂದನ್ನು ತರಿಸುವ ತಪ್ಪಿನಿಂದ ಪಾರಾದೆ. ನನ್ನ ಎಚ್81 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಡಿಸ್ಕುಗಳನ್ನು ಜೋಡಿಸುವ ಸಾಟಾ ಕಿಂಡಿಗಳೆಲ್ಲ ಒಂದೇ ಅಲ್ಲ. ಎರಡು ಕಿಂಡಿಗಳು ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಉಳಿದವು ಅದರ ಅರ್ಧದವು. ಡಿವಿಡಿ ಡ್ರೈವ್ ವೇಗದ ಕಿಂಡಿಯಲ್ಲಿ ಸುಮ್ಮನೆ ಕುಳಿತಿತ್ತು. ಅದನ್ನು ಬಿಡಿಸಿ ಎಸ್‌ಎಸ್‌ಡಿಯನ್ನು ಅಲ್ಲಿಗೆ ಸೇರಿಸಿದರು. ಗಿರಾಕಿಗೆ ಎಂದೂ ಕಾಣದ ಕೆಲಸವಿದು, ಅದಕ್ಕಾಗಿಯೇ ಹೇಳುತ್ತಿದ್ದೇನೆ. ಅದರಲ್ಲಿ ವಿಂಡೋಸನ್ನು ಹೊಸದಾಗಿ ಹಾಕುವಾಗ, ಆರಂಭದಲ್ಲಿ ತಾನಾಗಿ ಏಳುತ್ತಿದ್ದ ಏಳೆಂಟು ಪ್ರೋಗ್ರಾಂಗಳನ್ನೂ ಹಿಂದಿನ ಅಂಗಡಿಯ ಕಾಣಿಕೆಗಳನ್ನೂ ಬಿಟ್ಟು, ಆಂಟಿವೈರಸ್ ಆಗಿ ವಿಂಡೋಸಿನ ಸ್ವಂತ ಡಿಫೆಂಡರ್ ಸಾಕೆಂದರು. ಒಟ್ಟು ಬಿಲ್ 4,600 ರೂಪಾಯಿ, ಅದರಲ್ಲಿ ಕೂಲಿ 800.

ಈಗ ಅದೇ ಚೆಕ್‌ರೋಲ್ 31 ಸೆಕೆಂಡಿಗೆ ತೆರೆಯುತ್ತದೆ. ಆರು ತಿಂಗಳಲ್ಲಿ ಈ ಲೆಕ್ಕ ಎರಡು ಸೆಕೆಂಡು ಕೂಡ ಏರಿಲ್ಲ.

ಲೋಪಗಳಿಲ್ಲವೆಂದಲ್ಲ. ಎರಡು ದಿನದಲ್ಲಿ ಕೊಡುತ್ತೇವೆಂದವರು ಐದು ದಿನ ಮಾಡಿದರು. ಮರ ಬಿದ್ದು ಕರೆಂಟು ಹೋಗಿದ್ದು ಅವರ ತಪ್ಪಲ್ಲ, ಆದರೆ ಒಂದು ಫೋನ್ ಮಾಡಿದ್ದರೆ ಸುಂಟಿಕೊಪ್ಪದಿಂದ ಆ ಮಳೆಯಲ್ಲಿ ಬಸ್ ಹಿಡಿದು ಹೋಗಿ ಬರಿಗೈಯಲ್ಲಿ ವಾಪಸು ಬರುವುದು ತಪ್ಪುತ್ತಿತ್ತು. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೆಲ್ಲ ಹೋದವು. ಕೇಳಿದ್ದರೆ ತೆಗೆದಿಡುತ್ತಿದ್ದೆವು ಎಂದರು, ಕೇಳಬೇಕೆಂದು ನನಗೆ ತಿಳಿದಿರಲಿಲ್ಲ. ಎಲ್ಲಕ್ಕಿಂತ ಕಿರಿಕಿರಿಯಾದದ್ದು ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶವನ್ನು ಮರೆತದ್ದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಅರ್ಜಿಗಳನ್ನು ತೆರೆದರೆ, ಆ ಫಾಂಟುಗಳಿಲ್ಲದೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಂಡು, ಡಿಸ್ಕಿನ ಜತೆ ಕಡತಗಳೂ ಕೆಟ್ಟವೆಂದೇ ಒಂದು ಸಂಜೆ ಗಾಬರಿಗೊಂಡಿದ್ದೆ. ಕೊಡಗಿನಲ್ಲಿ ಅಂಗಡಿ ನಡೆಸುವವರು ಗಿರಾಕಿಯ ಕಂಪ್ಯೂಟರಿನಲ್ಲಿ ಕನ್ನಡ ಕಡತಗಳಿರುತ್ತವೆಂದು ಊಹಿಸಬೇಕಿತ್ತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಅವರು ಜುಲೈನಲ್ಲೇ ಎಚ್ಚರಿಸಿದ್ದರು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲಿನ ಎಂಟನೇ ತಲೆಮಾರು ಮತ್ತು ಅದಕ್ಕೆ ಮೇಲಿನ ಪ್ರೊಸೆಸರುಗಳನ್ನು. ಅಡ್ಡದಾರಿಯಲ್ಲಿ ಹಾಕಿಕೊಡಿ ಎಂದರೆ ಒಪ್ಪಲಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಬಹುದೆಂದರು, ನುಡಿಯ ಕಾರಣಕ್ಕೆ ನಾನು ಒಲ್ಲೆನೆಂದೆ. ಭದ್ರತಾ ನವೀಕರಣವನ್ನು 2026ರ ಅಕ್ಟೋಬರ್ 13ರವರೆಗೆ ಮುಂದುವರಿಸುವ ಯೋಜನೆಗೆ ನಂತರ ನಾನೇ ನೋಂದಾಯಿಸಿಕೊಂಡೆ.

ಹೋಗುವವರು ತಾವು ಬಳಸುವ ತಂತ್ರಾಂಶಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಹಳೆಯ ಡಿಸ್ಕನ್ನು ವಾಪಸು ಕೇಳಿ ಪಡೆಯಿರಿ. ನನಗೆ ಕೇಳದೆಯೇ ಕೊಟ್ಟರು. ಎಸ್‌ಎಸ್‌ಡಿಗೆ ಮೂರು ವರ್ಷದ ವಾರಂಟಿಯಿದ್ದರೂ ಕೈಬರಹದ ಬಿಲ್ಲಿನಲ್ಲಿ ಅದರ ಸೀರಿಯಲ್ ಸಂಖ್ಯೆಯಿರಲಿಲ್ಲ. ಕ್ಯಾಬಿನೆಟ್ ಮತ್ತೆ ಬಿಚ್ಚಿ, ಸಂಖ್ಯೆಯನ್ನು ನೋಡಿ, ಬಿಲ್ಲಿನ ಹಿಂಬದಿಯಲ್ಲಿ ನಾನೇ ಬರೆದಿಟ್ಟುಕೊಂಡಿದ್ದೇನೆ.