ರಾಜಿ ಮಾಡಿಸ್ತೀನಿ ಅಂತ ಬಂದವರು ಯಾರ ಕಡೆಯವರು ಅಂತ ಮೊದಲು ವಿಚಾರಿಸಿ

ಆಸ್ತಿ ತಕರಾರಿಗೆ ಮಧ್ಯಸ್ಥಿಕೆ ಒಳ್ಳೆಯ ದಾರಿ ಅಂತ ಈಗಲೂ ನಂಬಿದ್ದೇನೆ. ಆದರೆ ಆ ಹೆಸರಲ್ಲಿ ನಮ್ಮಮ್ಮನಿಗೆ ಆದ ಮೋಸ ಇನ್ನೊಬ್ಬ ಹೆಣ್ಣುಮಗಳಿಗೆ ಆಗಬಾರದು.

ತುಮಕೂರು ಕಡೆ ಅಜ್ಜನ ಪಿತ್ರಾರ್ಜಿತ ತೆಂಗಿನ ತೋಟ, ಒಂದಿಷ್ಟು ಹೊಲ. ಅಮ್ಮ ಪಾಲು ಕೇಳಿದಾಗ ಸೋದರಮಾವಂದಿರ ಜೊತೆ ಮಾತಿಗೆ ಮಾತು ಬೆಳೆಯಿತು. ಆಗ ಊರಲ್ಲಿ ಪಂಚಾಯ್ತಿ ಮಾಡುವ ಒಬ್ಬರು ಬಂದರು. "ಕೋರ್ಟಿಗೆ ಹೋದ್ರೆ ಗೆದ್ದೋನು ಸೋತ, ಸೋತೋನು ಸತ್ತ. ನಾನು ಬಗೆಹರಿಸ್ತೀನಿ ಬಿಡಕ್ಕ" ಅಂದರು.

ಮಾವಂದಿರನ್ನು ಜಗುಲಿ ಮೇಲೆ ಕೂರಿಸಿ, ಅಮ್ಮನನ್ನು ಒಳಗೆ ಕರೆದು ಅವರು ಹೇಳಿದ್ದು ಇದು: "ನಿಮ್ಮಪ್ಪ ತೀರಿಕೊಂಡಿದ್ದು 2005ಕ್ಕೆ ಮುಂಚೆ. ಕಾನೂನಲ್ಲಿ ನಿಂಗೆ ಒಂದು ಗುಂಟೆನೂ ಬರಲ್ಲ. ತಮ್ಮಂದಿರು ಕೊಟ್ಟಷ್ಟು ಇಸ್ಕೊ." ಇದು ಶುದ್ಧ ಸುಳ್ಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಖಚಿತವಾಗಿ ಹೇಳಿದೆ. ನಮ್ಮ ಮನೆಯಲ್ಲಿ ಆ ತಿದ್ದುಪಡಿಗೂ ಮುಂಚೆ ಆಸ್ತಿ ವಿಭಾಗವೇ ಆಗಿರಲಿಲ್ಲ, ಹಾಗಾಗಿ ಅಮ್ಮನ ಹಕ್ಕು ಉಳಿದೇ ಇತ್ತು.

ನೂರು ರೂಪಾಯಿ ಛಾಪಾಕಾಗದದಲ್ಲಿ ಕೈಬರಹದ ಒಪ್ಪಂದ. ಕೊನೆಯ ಸಾಲಿಗೂ ಸಹಿಗೂ ನಡುವೆ ನಾಲ್ಕು ಬೆರಳಷ್ಟು ಜಾಗ ಖಾಲಿ. ಪ್ರತಿ ಕೇಳಿದ್ದಕ್ಕೆ "ನನ್ನ ಹತ್ರ ಭದ್ರವಾಗಿರುತ್ತೆ" ಅಂದರು. ತಿಂಗಳುಗಳಾದ ಮೇಲೆ ಕೈಗೆ ಬಂದ ಜೆರಾಕ್ಸ್‌ನಲ್ಲಿ ಆ ಖಾಲಿ ಜಾಗ ತುಂಬಿತ್ತು. ಒತ್ತೊತ್ತಾದ ಸಣ್ಣ ಅಕ್ಷರದಲ್ಲಿ, "ತೋಟದ ಮೇಲೂ ನನಗೆ ಯಾವ ಹಕ್ಕೂ ಇರುವುದಿಲ್ಲ" ಅಂತ.

ಖಾತೆ ಮಾಡಿಸಲು ಹೋದ ಮಾವಂದಿರಿಗೂ ಅದು ದಕ್ಕಲಿಲ್ಲ. ಜಮೀನಿನ ಪಾಲುಪತ್ರವಾಗಲಿ, ಹಕ್ಕು ಬಿಟ್ಟುಕೊಡುವ ಪತ್ರವಾಗಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಆಮೇಲೆ ಚಿಕ್ಕಮಾವನೇ ಬಾಯಿಬಿಟ್ಟರು: ಅಕ್ಕ ವಕೀಲರಿಂದ ನೋಟಿಸ್ ಕಳಿಸ್ತಿದ್ದಾಳೆ ಅಂತ ಆ ಪಂಚಾಯ್ತಿ ಮಾಡಿದವರು ಮಾವಂದಿರನ್ನೂ ಹೆದರಿಸಿ ಕಮಿಷನ್ ಕಿತ್ತಿದ್ದರಂತೆ. ತೋಟದ ರಸ್ತೆ ಬದಿಯ ತುಂಡನ್ನು ಆ ಮನುಷ್ಯನ ಭಾವಮೈದುನನಿಗೇ ಮಾರಿಸುವ ಮಾತೂ ಆಗಿತ್ತು! ಈ ವರ್ಷ ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನ ಬಾಗಿನ ಬರಲಿಲ್ಲ. ನನಗೆ ಜಮೀನಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಅದು.

ನಿಜವಾದ ಮಧ್ಯಸ್ಥಗಾರರು ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಮಾತಾಡಿಸುವುದು ಉಂಟು. ಆದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳುವುದಿಲ್ಲ, ಹೆದರಿಸುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಒಪ್ಪುವುದು ಬಿಡುವುದು ನಮ್ಮ ಕೈಯಲ್ಲೇ ಇರುತ್ತದೆ. ಬೆಂಗಳೂರಿನ ನ್ಯಾಯ ದೇಗುಲದಲ್ಲಿರುವ ಹೈಕೋರ್ಟ್ ಅಧೀನದ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೇ ಕೆಲಸ ಮಾಡುತ್ತಿದೆ. ಊರಲ್ಲಿರುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೇಸು ಹಾಕುವ ಮುಂಚೆಯೇ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲೂ ಪ್ರತಿ ಸಾಲು ಓದಿಸಿಕೊಂಡೇ ಸಹಿ ಹಾಕಿ.

ಈಗಾಗಲೇ ಇಂಥ ಕಾಗದಕ್ಕೆ ಸಹಿ ಹಾಕಿದ್ದರೆ ತಡಮಾಡದೆ ವಕೀಲರಿಗೆ ತೋರಿಸಿ, ಖಾತೆ ಬದಲಾಗದಂತೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ. ನಾವು ಕೊಟ್ಟಿದ್ದೇವೆ. ಕಾನೂನು ಸೇವೆಯ ಸಹಾಯವಾಣಿ 15100.